ಗದ್ದಲದಲ್ಲಿ ತನ್ನದನ್ನು ಗುರುತಿಸುವ ಕಿವಿ

ಹೆವಿ ಮೆಟಲ್ ಕೇಳುವ ಹುಡುಗರ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಮಾತು ಚಾಲ್ತಿಯಲ್ಲಿದೆ. ಒಂದು, ಇದು ಸಂಗೀತವೇ ಅಲ್ಲ, ಕಿರುಚಾಟ ಎನ್ನುವುದು. ಇನ್ನೊಂದು, ಇದು ಬೆಂಗಳೂರಿನ ಇಂಗ್ಲಿಷ್ ಶಾಲೆಯ, ಉಳ್ಳವರ ಮನೆಯ ಮಕ್ಕಳ ಶೋಕಿ ಎನ್ನುವುದು. ದೊಡ್ಡಬಳ್ಳಾಪುರದಲ್ಲಿರುವ ನನ್ನ ಅಕ್ಕನ ಮಗ ಈ ಎರಡೂ ಮಾತಿಗೆ ಒಗ್ಗದವನು. ಅವನ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. ಅಕ್ಕ ಲಾಳಿಗೆ ಕಂಡಿಕೆ ಸುತ್ತುತ್ತಿದ್ದಳು, ಭಾವ ಮಗ್ಗದ ಮುಂದೆ ನಿಲ್ಲುತ್ತಿದ್ದರು. ಅಂಥ ಮನೆಯ ಹುಡುಗ ಕಪ್ಪು ಅಂಗಿ ತೊಟ್ಟು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಾಗ ಅಕ್ಕ ನನಗೆ ಫೋನ್ ಮಾಡಿ ಅತ್ತಿದ್ದಳು. "ನೀನಾದರೂ ಬಂದು ಹೇಳು, ಅವನ ಅಂಗಿಯ ಮೇಲೆ ತಲೆಬುರುಡೆ ಇದೆ" ಎಂಬುದು ಅವಳ ದೂರು. ಇದು 2013ರ ಮಾತು.

ನಾನು ಹೋದದ್ದು ಬುದ್ಧಿ ಹೇಳಲಿಕ್ಕೆ. ಹುಡುಗ ನನ್ನನ್ನೇ ಒಂದು ಪ್ರಶ್ನೆ ಕೇಳಿ ಕೂರಿಸಿದ. "ಮಾಮು, ನಿಮಗೆ ಕವ್ವಾಲಿ ಇಷ್ಟ. ಆದರೆ ಎಲ್ಲಾ ಕವ್ವಾಲಿ ಇಷ್ಟವಾ? ನಿಮಗೆ ಬೇಕಾದದ್ದು ಇದೇ ಅಂತ ನಿಮಗೆ ಹೇಗೆ ಗೊತ್ತಾಯ್ತು?" ನನ್ನ ಬಳಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿ ಬರೆದದ್ದು.

ಹೊರಗಿನವರ ಕಿವಿಗೆ ಹೆವಿ ಮೆಟಲ್ ಒಂದೇ ಗದ್ದಲ. ಒಳಗಿನವರಿಗೆ ಅದು ಹತ್ತಾರು ಮನೆತನಗಳ ಊರು. ಥ್ರ್ಯಾಶ್ ಎಂಬುದು ವೇಗದ್ದು. ಅಮೆರಿಕದ ಸ್ಲೇಯರ್ ತಂಡ 1986ರಲ್ಲಿ ತಂದ 'ರೇನ್ ಇನ್ ಬ್ಲಡ್' ಎಂಬ ಆಲ್ಬಮ್ಮಿನಲ್ಲಿ ಹತ್ತು ಹಾಡುಗಳಿದ್ದರೂ ಅದು ಮುಗಿಯಲು ಅರ್ಧ ಗಂಟೆ ಕೂಡ ಬೇಡ. ಡೆತ್ ಮೆಟಲ್‌ನಲ್ಲಿ ಗಾಯಕ ಹಾಡುವುದಿಲ್ಲ, ಗಂಟಲ ತಳದಿಂದ ಗುಡುಗುತ್ತಾನೆ. ಜರ್ಮನಿಯಲ್ಲಿ ಹೆಲೊವೀನ್‌ನಂಥ ತಂಡಗಳು ಬೆಳೆಸಿದ ಪವರ್ ಮೆಟಲ್‌ನಲ್ಲಿ ದನಿ ತಾರಸ್ಥಾಯಿಗೆ ಏರುತ್ತದೆ, ರಾಗ ಧಾರಾಳ. ಇವೆಲ್ಲಕ್ಕೂ ತಿರುಗಿ ನಿಂತದ್ದು ಡೂಮ್. ಅದು ನಿಧಾನ, ಭಾರ, ಮಂದ್ರ. ಒಂದೇ ಸ್ವರಗುಚ್ಛವನ್ನು ಏಳೆಂಟು ನಿಮಿಷ ಅರೆಯುತ್ತಲೇ ಇರುತ್ತದೆ. ಥ್ರ್ಯಾಶ್ ಒಪ್ಪಿದವನಿಗೆ ಡೂಮ್ ತೂಕಡಿಕೆ ತರಿಸಬಹುದು, ಡೂಮ್ ಹಿಡಿದವನಿಗೆ ಪವರ್ ಮೆಟಲ್ ನಾಟಕದಂತೆ ಕಾಣಬಹುದು. ಹಿಂದೂಸ್ತಾನಿ ಸಂಗೀತದಲ್ಲಿ ಘರಾನೆಗಳ ಬಗ್ಗೆ ಜಗಳವಾಡುವವರಿಗೆ ಇದು ಹೊಸದಲ್ಲ.

ನನ್ನ ಸೋದರಳಿಯನದ್ದು ಡೂಮ್. ಅವನು ಅದನ್ನು ಹೇಗೆ ಮುಟ್ಟಿದ?

ಸುಲಭದ ವಿವರಣೆಯೊಂದು ಕೈಯಳತೆಯಲ್ಲೇ ಇದೆ. ಈ ಸಂಗೀತ ಹುಟ್ಟಿದ್ದು ಇಂಗ್ಲೆಂಡಿನ ಕಾರ್ಖಾನೆ ನಗರವಾದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅಲ್ಲಿನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ 1970ರ ಫೆಬ್ರವರಿ 13ರಂದು ಹೊರಬಂತು. ತಂಡದ ಗಿಟಾರ್ ವಾದಕ ಟೋನಿ ಐಯೋಮಿ ಅದಕ್ಕೆ ಮೊದಲು ತಗಡು ಕಾರ್ಖಾನೆಯ ಕೆಲಸಗಾರ. 17ನೇ ವಯಸ್ಸಿನಲ್ಲಿ, ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಚ, ತಂತಿ ಒತ್ತುವುದು ಬಲಗೈಯಲ್ಲೇ. ಮುಂದೆ ಅವನು ತೆಳ್ಳನೆಯ ತಂತಿ ಹಾಕಿದ, ತಂತಿಗಳ ಬಿಗಿ ಸಡಿಲಿಸಿದ. 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯ ಕೆಲವು ಹಾಡುಗಳಲ್ಲಿ ಗಿಟಾರಿನ ಶ್ರುತಿಯನ್ನು ಮೂರು ಅರ್ಧಸ್ವರದಷ್ಟು ಇಳಿಸಿದ. ಡೂಮ್‌ನ ಆ ಭಾರ ಬಂದದ್ದು ಇಲ್ಲಿಂದ. ಹಾಗಾದರೆ ಕಾರ್ಖಾನೆಯ ಸದ್ದಿನಲ್ಲಿ ಹುಟ್ಟಿದ ಸಂಗೀತ ಮಗ್ಗದ ಸದ್ದಿನಲ್ಲಿ ಬೆಳೆದವನಿಗೆ ಹಿಡಿಸಿತು ಎಂದುಬಿಡಬಹುದಲ್ಲ?

ಎನ್ನಬಹುದು, ಆದರೆ ಲೆಕ್ಕ ಕೂಡುವುದಿಲ್ಲ. ದೊಡ್ಡಬಳ್ಳಾಪುರದ ಬೀದಿಬೀದಿಗಳಲ್ಲಿ ಮಗ್ಗಗಳಿವೆ. ಆ ಸದ್ದಿನಲ್ಲೇ ಮಲಗಿ ಎದ್ದ ಸಾವಿರಾರು ಮಂದಿ ರಾಜ್‌ಕುಮಾರ್ ಹಾಡು ಕೇಳುತ್ತಾರೆ, ರಫಿ ಕೇಳುತ್ತಾರೆ, ಭಜನೆ ಕೇಳುತ್ತಾರೆ, ನಾತ್ ಕೇಳುತ್ತಾರೆ. ಮಗ್ಗದ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಆ ಕಡೆಯಿಂದ ಈ ಕಡೆಗೆ ಹೊಡೆಯುತ್ತದೆ; ಆ ಲೆಕ್ಕಕ್ಕೆ ಅವರೆಲ್ಲ ಥ್ರ್ಯಾಶ್ ಕೇಳಬೇಕಿತ್ತು, ತೆವಳುವ ಡೂಮ್ ಅಲ್ಲ. ಹುಟ್ಟಿದ ಪರಿಸರ ಅಭಿರುಚಿಯನ್ನು ಎರಕ ಹೊಯ್ಯುತ್ತದೆ ಎನ್ನುವ ವಿಮರ್ಶೆ ಬಡವರ ವಿಷಯದಲ್ಲಿ ಮಾತ್ರ ಬಹಳ ಧೈರ್ಯವಾಗಿ ಮಾತಾಡುತ್ತದೆ. ಉಳ್ಳವನಿಗೆ ಆಯ್ಕೆಯಿದೆ, ನೇಕಾರನ ಮಗನಿಗೆ ಬರೀ ಕಾರಣಗಳಿವೆ ಎಂಬಂತೆ!

ಐಯೋಮಿಯ ಕಥೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಯಂತ್ರವಲ್ಲ. ಬೆರಳು ಹೋಗಿ ಮೂಲೆ ಹಿಡಿದಿದ್ದ ಹುಡುಗನ ಮನೆಗೆ ಕಾರ್ಖಾನೆಯ ಮೇಲ್ವಿಚಾರಕನೊಬ್ಬ ಒಂದು ರೆಕಾರ್ಡ್ ಹಿಡಿದು ಬಂದ. ಜಾಂಗೋ ರೈನ್‌ಹಾರ್ಟ್ ಎಂಬ ಜಿಪ್ಸಿ ಗಿಟಾರ್ ವಾದಕನದ್ದು. ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಕೆಲಸಕ್ಕೆ ಬಾರದಂತಾದ ಮೇಲೂ ನುಡಿಸಿದವನು ಆತ. ಅದನ್ನು ಕೇಳಿದ ಮೇಲೆ ಐಯೋಮಿ ಮತ್ತೆ ಗಿಟಾರ್ ಹಿಡಿದ. ಯಾರೋ ಒಬ್ಬರು ಹೊತ್ತಲ್ಲದ ಹೊತ್ತಿನಲ್ಲಿ ಏನನ್ನೋ ತಂದು ಕೇಳಿಸುವುದು: ನಾನು ಕಂಡ ಹೆಚ್ಚಿನವರ ಕಥೆ ಶುರುವಾಗುವುದು ಇಲ್ಲಿಂದಲೇ.

ಸೋದರಳಿಯನಿಗೆ ತಂದು ಕೊಟ್ಟದ್ದು ಬಸ್‌ಸ್ಟ್ಯಾಂಡ್ ಬಳಿಯ ಮೊಬೈಲ್ ಅಂಗಡಿ. ಆಗೆಲ್ಲ ತಾಲೂಕು ಊರುಗಳಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡ್ ತುಂಬ ಹಾಡು ತುಂಬಿಸಿ ಕೊಡುತ್ತಿದ್ದರು. ಅಂಗಡಿಯವನ ಕಂಪ್ಯೂಟರಿನಲ್ಲಿ ಕನ್ನಡ, ಹಿಂದಿ, ತೆಲುಗು ಎಂದು ಕಪಾಟುಗಳು. ಕೊನೆಯಲ್ಲಿ 'ಇಂಗ್ಲಿಷ್' ಎಂಬ ಒಂದೇ ಕಪಾಟು. ಅದರಲ್ಲಿ ಮೈಕೆಲ್ ಜಾಕ್ಸನ್ ಪಕ್ಕ ಲಿಂಕಿನ್ ಪಾರ್ಕ್, ಅದರ ಪಕ್ಕ ಮೆಟಾಲಿಕಾ. ಪಿಯುಸಿ ಓದುತ್ತಿದ್ದ ಹುಡುಗನಿಗೆ ಇದು ಯಾವ ದೇಶದ್ದು, ಯಾವ ಕಾಲದ್ದು, ಯಾವ ಪಂಗಡದ್ದು ಎಂಬ ಒಂದು ವಿವರವೂ ಇಲ್ಲ. ಹಾಡಿನ ಹೆಸರಿನಲ್ಲೂ ಅರ್ಧ ತಪ್ಪು. ಆ ಅಜ್ಞಾನ ಅವನಿಗೆ ಒಳ್ಳೆಯದನ್ನೇ ಮಾಡಿತು ಎಂದು ನನ್ನ ಅನಿಸಿಕೆ. ಇಂಥದ್ದನ್ನು ಮೆಚ್ಚಬೇಕು ಎಂದು ಯಾರೂ ಹೇಳಿರಲಿಲ್ಲ. ಒಂದು ಹಾಡಿನಲ್ಲಿ ಗಿಟಾರ್ ನಿಧಾನವಾಗುವ ಜಾಗ ಬಂದಾಗ ಮಾತ್ರ ಅವನು ಹಿಂದಕ್ಕೆ ಹೋಗಿ ಮತ್ತೆ ಕೇಳುತ್ತಿದ್ದನಂತೆ. ಅವನ ದಾರಿ ಆಗಲೇ ಶುರುವಾಗಿತ್ತು, ಅದಕ್ಕೊಂದು ಹೆಸರು ಇರಲಿಲ್ಲ ಅಷ್ಟೇ.

ಅದೇ ಹೊತ್ತಿಗೆ ಬೆಂಗಳೂರು ದೇಶದ ಮೆಟಲ್ ರಾಜಧಾನಿಯಾಗಿತ್ತು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಬ್ರಿಟನ್ನಿನ ಐರನ್ ಮೇಡನ್ ಹಾಡಿದ ಮೇಲೆ ಮೆಗಾಡೆತ್, ಲ್ಯಾಂಬ್ ಆಫ್ ಗಾಡ್ ಎಂದು ಸಾಲು ಹಿಡಿದು ಬಂದವು. 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಬಂತು; ದಿಲ್ಲಿ ಬಳಿಯ ಅವರ ಕಾರ್ಯಕ್ರಮ ರದ್ದಾಗಿ ಗಲಾಟೆಯಾದರೂ 30ನೇ ತಾರೀಕು ಬೆಂಗಳೂರಿನಲ್ಲಿ ನಡೆಯಿತು. ದೊಡ್ಡಬಳ್ಳಾಪುರದಿಂದ ಅರಮನೆ ಮೈದಾನ ಸುಮಾರು ನಲವತ್ತು ಕಿಲೋಮೀಟರ್. ಟಿಕೆಟ್ಟಿನ ಹಣ ಮಾತ್ರ ಅದಕ್ಕಿಂತ ಬಹಳ ದೂರದಲ್ಲಿತ್ತು. ಹುಡುಗ ಹೋಗಲಿಲ್ಲ. ಮರುವರ್ಷ, 2012ರ ಅಕ್ಟೋಬರ್ 20ರಂದು, ಥಣಿಸಂದ್ರದ ಕಡೆ ಸ್ಲೇಯರ್ ಬಂದಾಗ ಕಾಲೇಜಿನ ಗೆಳೆಯನೊಬ್ಬ ಟಿಕೆಟ್ ಕೊಡಿಸಿದ. ಹೋಗಿ ಬಂದ. ಆ ರಾತ್ರಿಯ ಬಗ್ಗೆ ಅವನು ನನಗೆ ಹೇಳಿದ್ದು ಹೀಗೆ: "ಚೆನ್ನಾಗಿತ್ತು ಮಾಮು, ಎಲ್ಲರ ಜೊತೆ ಕುಣಿದೆ. ವಾಪಸ್ ಬರೋವಾಗ ಇದು ನಂದಲ್ಲ ಅನ್ನಿಸ್ತು."

ಅಭಿರುಚಿಯ ಕಥೆಗಳಲ್ಲಿ ಈ ಭಾಗವನ್ನು ಯಾರೂ ಬರೆಯುವುದಿಲ್ಲ. 'ಮೊದಲ ಸಲ ಕೇಳಿದಾಗಲೇ ಮೈ ಜುಮ್ಮೆಂದಿತು' ಎಂದು ಎಲ್ಲರೂ ಬರೆಯುತ್ತಾರೆ. ತನಗೆ ಬೇಡದ್ದು ಯಾವುದು ಎಂದು ಗೊತ್ತಾಗುವ ಗಳಿಗೆ ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಅದೂ ಆ ತಂಡ ಕೆಟ್ಟದಾಗಿ ನುಡಿಸಿದಾಗ ಅಲ್ಲ, ಅದ್ಭುತವಾಗಿ ನುಡಿಸಿದಾಗ. ಸ್ಲೇಯರ್ ಅಷ್ಟು ಚೆನ್ನಾಗಿ ನುಡಿಸದೇ ಇದ್ದಿದ್ದರೆ ಇವನು ಥ್ರ್ಯಾಶಿನಲ್ಲೇ ಇನ್ನೂ ನಾಲ್ಕು ವರ್ಷ ಅಲೆಯುತ್ತಿದ್ದನೇನೋ.

ಆಮೇಲೆ ಹಾಸ್ಟೆಲಿನ ಹಾರ್ಡ್‌ಡಿಸ್ಕೊಂದರಲ್ಲಿ ಬೆಂಗಳೂರಿನದೇ ತಂಡವೊಂದು ಸಿಕ್ಕಿತು. ಹೆಸರು ಬೆವರ್ ಸೀ. ಇಂಗ್ಲಿಷಿನಲ್ಲಿ ಬರೆದರೆ ಗಂಭೀರ, ಕನ್ನಡದಲ್ಲಿ ಓದಿದರೆ ಬೈಗುಳ. ಅವನಿಗೆ ಮೊದಲು ಬಂದದ್ದು ನಗು. 2012ರಲ್ಲಿ ಬಂದ ಅವರ ಮೊದಲ ಆಲ್ಬಮ್ ಬ್ಲ್ಯಾಕ್ ಸಬ್ಬತ್‌ನ ಹಾದಿಯದ್ದು: ನಿಧಾನ, ಒರಟು, ಮಂದ್ರ. ಅಲ್ಲಿಂದ ಹಿಂದಕ್ಕೆ ಹೋಗಿ ಅವನು 1970ರ ಸಬ್ಬತ್ ಕೇಳಿದ. ಅಂದರೆ ಬರ್ಮಿಂಗ್‌ಹ್ಯಾಮ್ ಅವನಿಗೆ ಸಿಕ್ಕಿದ್ದು ಬೆಂಗಳೂರಿನ ಮೂಲಕ, ಅದೂ ಒಂದು ಕನ್ನಡ ಬೈಗುಳದ ಬಾಗಿಲಿನಿಂದ. ಬೆಂಗಳೂರಿನ ಮುಖ್ಯ ಮೆಟಲ್ ತಂಡಗಳು ಹಾಡುವುದು ಇಂಗ್ಲಿಷಿನಲ್ಲಿ. 1998ರಲ್ಲಿ ಶುರುವಾದ ಕ್ರಿಪ್ಟೋಸ್ ಜರ್ಮನಿಯ ವಾಕನ್ ಉತ್ಸವದವರೆಗೆ ಹೋಗಿ ಬಂದದ್ದೂ ಇಂಗ್ಲಿಷ್ ಹಾಡುಗಳೊಂದಿಗೆ. ಇದರ ಬಗ್ಗೆ ನನಗೆ ತಕರಾರಿದೆ, ಆದರೆ ಆ ಒಂದು ಹೆಸರಿನ ಚೇಷ್ಟೆ ನನ್ನ ತಕರಾರನ್ನು ಸ್ವಲ್ಪ ಸಡಿಲಿಸಿತು.

ಈಗ ಕಥೆ ಬೇರೆ. ಯೂಟ್ಯೂಬಿನಲ್ಲಿ ಒಂದು ಹಾಡು ಮುಗಿಯುತ್ತಲೇ ಅಂಥದ್ದೇ ಇನ್ನೊಂದು ತಾನಾಗಿ ಶುರುವಾಗುತ್ತದೆ. ಉಪಪಂಗಡಗಳ ನಕ್ಷೆಗಳು, ಪಟ್ಟಿಗಳು, ಎಲ್ಲಿಂದ ಆರಂಭಿಸಬೇಕೆಂಬ ಮಾರ್ಗದರ್ಶನ, ಎಲ್ಲವೂ ಬೆರಳ ತುದಿಯಲ್ಲಿವೆ. ಇದನ್ನು ಹಳಿಯುವುದು ನನ್ನ ವಯಸ್ಸಿನವರ ಚಟ. ಮೆಮೊರಿ ಕಾರ್ಡಿನ ಬಡತನವನ್ನು ವೈಭವೀಕರಿಸುವ ಇಷ್ಟ ನನಗಿಲ್ಲ. ದೇವನಹಳ್ಳಿಯ ಹಳ್ಳಿಯೊಂದರ ಹುಡುಗಿಗೆ ಇಂದು ಜಗತ್ತಿನ ಎಲ್ಲ ಸಂಗೀತವೂ ಸಿಗುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಆ ಯಂತ್ರ ನಿಮಗೆ ನಿಮ್ಮಂಥದ್ದನ್ನೇ ಮತ್ತೆ ಮತ್ತೆ ಬಡಿಸುತ್ತದೆ. ಸ್ಲೇಯರ್ ಕೇಳಿದವನಿಗೆ ಸ್ಲೇಯರ್‌ನ ತಮ್ಮಂದಿರನ್ನು ತೋರಿಸುತ್ತದೆ. 'ಇದು ನನ್ನದಲ್ಲ' ಎಂದು ಎದ್ದು ಬರುವ ಅವಕಾಶವನ್ನು ಅದು ತಾನಾಗಿ ಕೊಡುವುದಿಲ್ಲ.

ಅಕ್ಕನ ಅಳುವಿಗೆ ಮರಳುತ್ತೇನೆ. ಅವಳ ಹೆದರಿಕೆ ಬರೀ ಮೂಢನಂಬಿಕೆ ಎಂದು ನಾನು ಹೇಳಲಾರೆ. 1990ರ ದಶಕದ ಆರಂಭದಲ್ಲಿ ನಾರ್ವೆಯ ಬ್ಲ್ಯಾಕ್ ಮೆಟಲ್ ಗುಂಪಿನವರು ಚರ್ಚುಗಳಿಗೆ ಬೆಂಕಿ ಹಚ್ಚಿದರು, ಕೊಲೆಗಳೂ ಆದವು. ಇದನ್ನು ಮುಚ್ಚಿಟ್ಟು ಮೆಟಲ್ ಎಂದರೆ ಬರೀ ಮುಗ್ಧ ಗದ್ದಲ ಎನ್ನುವ ಅಭಿಮಾನಿಗಳು ಅರ್ಧ ಸತ್ಯ ಹೇಳುತ್ತಾರೆ. ಆದರೆ ಆ ಕೆಲವರ ಪಾಪಕ್ಕೆ ಎಲ್ಲ ಕೇಳುಗರನ್ನೂ ಕಟಕಟೆಗೆ ಎಳೆದದ್ದು ಮುಸ್ಲಿಂ ನಾಡುಗಳಲ್ಲೇ ನಡೆದಿದೆ. 1997ರಲ್ಲಿ ಈಜಿಪ್ಟಿನ ಪೊಲೀಸರು ಸೈತಾನನ ಆರಾಧಕರೆಂದು ಸುಮಾರು ನೂರು ಯುವಕರನ್ನು ಹಿಡಿದರು, ಕೊನೆಗೆ ಬಿಟ್ಟರು. 2003ರಲ್ಲಿ ಮೊರಾಕ್ಕೋದ ನ್ಯಾಯಾಲಯ 14 ಮಂದಿಗೆ ಶಿಕ್ಷೆ ವಿಧಿಸಿತು. ಅವರ ಮೇಲಿನ ಸಾಕ್ಷ್ಯಗಳಲ್ಲಿ ಕಪ್ಪು ಅಂಗಿಯೂ ಒಂದು. ಬಾಗ್ದಾದಿನ ಅಕ್ರಾಸಿಕೌಡಾ ಎಂಬ ತಂಡದ ಹುಡುಗರಂತೂ ಅಮೆರಿಕದ ಆಕ್ರಮಣ ತಂದ ಹಿಂಸೆಯಲ್ಲಿ ಊರು ಬಿಟ್ಟು, ಸಿರಿಯಾ, ತುರ್ಕಿಗಳನ್ನು ದಾಟಿ, ಕೊನೆಗೆ ಅದೇ ಅಮೆರಿಕದಲ್ಲಿ ನೆಲೆ ಕಂಡರು.

ಇನ್ನೊಂದು ತುದಿಯಲ್ಲಿ ಇಂಡೋನೇಷ್ಯಾದ ಗರುತ್ ಎಂಬ ಊರಿನ ಮೂವರು ಹಿಜಾಬ್‌ಧಾರಿ ಹುಡುಗಿಯರಿದ್ದಾರೆ. ಅವರ ತಂಡದ ಹೆಸರು ವಾಯ್ಸ್ ಆಫ್ ಬಚೆಪ್ರೊಟ್. ಸುಂಡಾ ಭಾಷೆಯಲ್ಲಿ ಬಚೆಪ್ರೊಟ್ ಎಂದರೆ ಗಲಾಟೆ. ಮದರಸಾ ಶಾಲೆಯಲ್ಲಿ ಓದುವಾಗ ಮೇಷ್ಟರೊಬ್ಬರ ಲ್ಯಾಪ್‌ಟಾಪಿನಲ್ಲಿ 'ಸಿಸ್ಟಮ್ ಆಫ್ ಎ ಡೌನ್' ತಂಡದ ಹಾಡುಗಳು ಅವರಿಗೆ ಸಿಕ್ಕವು. 2014ರಲ್ಲಿ ತಂಡ ಕಟ್ಟಿದರು, 2024ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ನುಡಿಸಿದರು. ಮತ್ತೆ ಅದೇ, ಇನ್ನೊಬ್ಬರ ಕಪಾಟಿನಲ್ಲಿ ಆಕಸ್ಮಿಕವಾಗಿ ಕೈಗೆ ಸಿಕ್ಕ ಸಂಗೀತ. ಇಷ್ಟೆಲ್ಲ ದೂರ ಹೋಗಬೇಕಾಗಿಯೂ ಇಲ್ಲ. 2012ರಲ್ಲಿ ಶುರುವಾದ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಉತ್ಸವವನ್ನು ಕಟ್ಟಿದವರು ಸಲ್ಮಾನ್ ಸೈಯದ್. ಸಂಗೀತದ ಧಾರ್ಮಿಕ ವಿಧಿ ನಿಷೇಧಗಳ ಚರ್ಚೆ ಬೇರೆ, ಬಲ್ಲವರು ಮಾಡಲಿ. ಅಂಗಿ ನೋಡಿ ಹುಡುಗನನ್ನು ಅಳೆಯುವುದರ ಬಗ್ಗೆ ಮಾತ್ರ ನಾನು ಹೇಳುತ್ತಿದ್ದೇನೆ. ಗಡ್ಡ ಟೋಪಿ ನೋಡಿ ನಮ್ಮನ್ನು ಅಳೆಯುವವರ ಬಗ್ಗೆ ದೂರುವ ನಾವೇ ಅದನ್ನು ಮನೆಯೊಳಗೆ ಮಾಡಿದರೆ?

ಆ ತಲೆಬುರುಡೆಯ ಅಂಗಿಯನ್ನು ಅಕ್ಕ ಮಗ್ಗ ಒರೆಸಲು ಬಳಸಿದಳು. ಹುಡುಗ ಹದಿನೈದು ದಿನ ಮಾತು ಬಿಟ್ಟಿದ್ದ.

ಈಗ ಅವನಿಗೆ ಮೂವತ್ತು ದಾಟಿದೆ, ದೇವನಹಳ್ಳಿ ಕಡೆ ಕೆಲಸ. ಮಗ್ಗಗಳಲ್ಲಿ ಎರಡು ಮಾತ್ರ ಉಳಿದಿವೆ. ಭಾವನ ಕಿವಿ ಮಂದವಾಗಿದೆ. ನಲವತ್ತು ವರ್ಷ ಮಗ್ಗದ ಮುಂದೆ ನಿಂತವರಿಗೆ ಆಗುವಂತೆ ಮೊದಲು ತಾರದ ಸದ್ದುಗಳು ಹೋದವು: ಹಕ್ಕಿಯ ದನಿ, ಮೊಮ್ಮಗಳ ಮಾತು. 2025ರ ಜುಲೈ 22ರಂದು ಸಬ್ಬತ್‌ನ ಗಾಯಕ ಆಜಿ ಆಸ್ಬರ್ನ್ ತೀರಿಕೊಂಡಾಗ ನಾನು ಅವರ ಮನೆಯಲ್ಲಿದ್ದೆ. ಹುಡುಗ ಸಪ್ಪಗಿದ್ದ. ಯಾರು ಸತ್ತದ್ದು ಎಂದು ಭಾವ ಕೇಳಿದರು. ಇವನು ಫೋನಿನಲ್ಲಿ ಹಾಡು ಹಾಕಿ ದೊಡ್ಡ ಹೆಡ್‌ಫೋನನ್ನು ಅವರ ಕಿವಿಗೆ ಇಟ್ಟ. ಭಾವ ಎರಡು ನಿಮಿಷ ಅಲುಗಾಡದೆ ಕೂತಿದ್ದು, "ಇದು ಕೇಳಿಸ್ತದೆ" ಎಂದರು. ಚೆನ್ನಾಗಿದೆ ಎನ್ನಲಿಲ್ಲ.

ಆಮೇಲೆ ಮಗ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಐಯೋಮಿಯ ಬೆರಳಿನ ಕಥೆ ಹೇಳಿದ. ಭಾವನ ಎಡಗೈ ತೋರುಬೆರಳಿನ ತುದಿಯೂ ಮಗ್ಗಕ್ಕೆ ಹೋದದ್ದೇ. ಅವರಿಗೆ ಹಾಡಿಗಿಂತ ಇದರಲ್ಲಿ ಆಸಕ್ತಿ ಹುಟ್ಟಿತು.

"ಮತ್ತೆ ಬೆರಳಿಗೆ ಏನು ಹಾಕ್ಕೊಂಡ?"

"ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಟೋಪಿ ಥರ ಮಾಡ್ಕೊಂಡ ಅಬ್ಬಾ."

ಭಾವ ತಲೆಯಾಡಿಸಿದರು. "ಪ್ಲಾಸ್ಟಿಕ್ ಜಾರ್ತದೆ. ತಂತಿ ನಿಲ್ಲಲ್ಲ. ಮೇಲೆ ಚರ್ಮ ಅಂಟಿಸ್ಬೇಕು."

"ಅದನ್ನೇ ಮಾಡಿದ್ದು" ಎಂದ ಮಗ.