ಸೈಗಾನಿನ ಮೊದಲ ಲೋಟ

ಕಾಫಿಯ ಅಭಿಮಾನಿಯಾದವನು ಪರದೇಶಕ್ಕೆ ಹೊರಟಾಗ ಬಟ್ಟೆಬರೆಗಳ ಜೊತೆಯಲ್ಲಿ ತನ್ನ ನಾಲಗೆಯ ಅಭ್ಯಾಸವನ್ನೂ ಗಂಟುಕಟ್ಟಿಕೊಂಡೇ ಹೊರಡುತ್ತಾನೆ. ಅಂಗಡಿಯಲ್ಲಿ ಕಣ್ಣೆದುರಿಗೇ ಪುಡಿಮಾಡಿಸಿದ ಪೀಬೆರಿ, ಬೆಳಗಿನ ಜಾವದಲ್ಲಿ ನೀರೆರೆದು ಇಳಿಸಿದ ಮೊದಲ ಡಿಕಾಕ್ಷನ್, ಆಗತಾನೆ ಉಕ್ಕಿದ ಹಸುವಿನ ಹಾಲು, ಇವುಗಳಲ್ಲಿ ಪಳಗಿದ ನನ್ನ ನಾಲಗೆಯು ಸೈಗಾನಿನ ಮೊದಲ ಲೋಟಕ್ಕೆ ಯಾವ ತೀರ್ಪನ್ನು ಕೊಟ್ಟಿತು, ಆ ತೀರ್ಪನ್ನು ಎರಡೇ ದಿನಗಳಲ್ಲಿ ಏಕೆ ಹಿಂತೆಗೆದುಕೊಂಡಿತು ಎಂಬುದನ್ನು ಈ ವಾರ ವಾಚಕರಲ್ಲಿ ನಿವೇದಿಸಬೇಕೆಂದಿದ್ದೇನೆ.

ಆ ಊರಿಗೆ 1976ರಿಂದ ಹೊ ಚಿ ಮಿನ್ ನಗರವೆಂಬ ನಾಮಧೇಯವಿದ್ದರೂ ನಿವಾಸಿಗಳ ಮಾತಿನಲ್ಲಿ ಅದು ಇಂದಿಗೂ ಸೈಗಾನೇ. ಮಳೆ ನಿಂತು ನೆಲದಿಂದ ಹಬೆಯೇಳುತ್ತಿದ್ದ ಸಂಜೆಯಲ್ಲಿ ವಿಮಾನನಿಲ್ದಾಣದ ಬಾಗಿಲು ದಾಟಿದೊಡನೆ ನನ್ನನ್ನು ಎದುರುಗೊಂಡದ್ದು ಸೆಕೆ. ಅದರ ಬೆನ್ನಿಗೇ ಮೋಟಾರು ಬೈಕುಗಳ ಪ್ರವಾಹ. ಅಲ್ಲಿ ಅಂಥ ವಾಹನಗಳು 70 ಲಕ್ಷಕ್ಕೂ ಮಿಗಿಲೆಂಬ ಲೆಕ್ಕವನ್ನು ಓದಿಕೊಂಡೇ ಹೋಗಿದ್ದೆ. ಆದರೆ ತಂದೆ ತಾಯಿ ಮಕ್ಕಳೆಲ್ಲ ಒಂದೇ ಗಾಡಿಯ ಮೇಲೆ, ಅದರ ಹಿಂದಿನದರಲ್ಲಿ ಹೂಕುಂಡಗಳು, ಮತ್ತೊಂದರಲ್ಲಿ ಆಳೆತ್ತರದ ನಿಲುಗನ್ನಡಿ, ಹೀಗೆ ಸಂಸಾರಕ್ಕೆ ಸಂಸಾರವೇ ಗಾಲಿಗಳ ಮೇಲೇರಿ ಹರಿದುಹೋಗುವ ಬೀದಿಯ ಅಂಚಿನಲ್ಲಿ ನಿಂತವನಿಗೆ ಆ ಅಂಕಿ ಯಾವ ನೆರವಿಗೂ ಬಾರದು. ಬಹಳ ಹೊತ್ತು ನಿಂತೇ ಇದ್ದೆ. ಆಗ ಲಾಟರಿ ಚೀಟಿ ಮಾರುವ ವೃದ್ಧೆಯೊಬ್ಬರು ನನ್ನ ಮಗ್ಗುಲಿನಿಂದಲೇ ಬೀದಿಗಿಳಿದರು. ಅವರು ಓಡಲಿಲ್ಲ, ತಡೆಯಲಿಲ್ಲ, ಹಿಮ್ಮೆಟ್ಟಲಿಲ್ಲ; ಗುಡಿಯಲ್ಲಿ ಪ್ರದಕ್ಷಿಣೆ ಬರುವವರ ಹಾಗೆ ಒಂದೇ ಗತಿಯಲ್ಲಿ ನಡೆದರು; ಗಾಡಿಗಳು ಅವರ ಎಡಕ್ಕೂ ಬಲಕ್ಕೂ ಸೀಳಿಕೊಂಡು ಸಾಗಿದವು. ಸವಾರನು ನಡೆಯುವವರ ಗತಿಯನ್ನು ನೋಡಿ ತನ್ನ ದಾರಿಯನ್ನು ನಿಶ್ಚಯಿಸುತ್ತಾನೆ. ಆ ಗತಿ ಹಠಾತ್ತನೆ ಮುರಿದರೆ ಮಾತ್ರ ಅಪಾಯ. ಆಕೆಯ ನೆರಳಿನಲ್ಲಿಯೇ ಹೆಜ್ಜೆಯಿಟ್ಟು ನಾನೂ ಆಚೆಯ ದಡವನ್ನು ಸೇರಿದೆ.

ಅಲ್ಲೊಂದು ಮರದ ಬುಡದಲ್ಲಿ ಕಾಫಿಯಂಗಡಿ. ಮೊಣಕಾಲೆತ್ತರವೂ ಇಲ್ಲದ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಜನರೆಲ್ಲ ಬೀದಿಗೆ ಮುಖಮಾಡಿ, ನಾಟಕ ನೋಡುವವರಂತೆ ಕುಳಿತಿದ್ದರು. ನಾನು ಕೇಳಿದ್ದು ‘ಕಾ ಫೆ ಸುಅ ಡಾ’, ಎಂದರೆ ಹಾಲು ಮಂಜುಗಡ್ಡೆಗಳ ಕಾಫಿ. ಗಾಜಿನ ಲೋಟದ ತಳದಲ್ಲಿ ಬೆರಳುದ್ದ ಡಬ್ಬಿಯ ಗಟ್ಟಿಹಾಲು. ಅದರ ಬಾಯಿಯ ಮೇಲೆ ‘ಫಿನ್’ ಎಂಬ ಪುಟ್ಟ ಲೋಹದ ಸೋಸುಕ. ಅಂಗಡಿಯಾಕೆ ಪುಡಿಯ ಮೇಲಿನ ಬಿಲ್ಲೆಯನ್ನು ಹಗುರವಾಗಿ ಒತ್ತಿ, ಮೊದಲು ನಾಲ್ಕು ಚಮಚದಷ್ಟೇ ಬಿಸಿನೀರು ಹನಿಸಿ, ಪುಡಿ ನೆನೆದು ಉಬ್ಬಿದ ತರುವಾಯ ತುಂಬ ನೀರೆರೆದು ಮುಚ್ಚಳವಿಟ್ಟು ಹೋದರು. ತೂತುಬಿಲ್ಲೆ, ಒತ್ತುಬಿಲ್ಲೆ, ಮುಚ್ಚಳ: ನಮ್ಮ ಫಿಲ್ಟರಿನ ಅಂಗಾಂಗಗಳೆಲ್ಲ ಅದರಲ್ಲುಂಟು. ನಮ್ಮಲ್ಲಿ ಅಡುಗೆಮನೆಯ ಮೂಲೆಯಲ್ಲಿ, ಮನೆಯವರು ಏಳುವ ಮೊದಲೇ ಗುಪ್ತವಾಗಿ ನಡೆದುಹೋಗುವ ಕ್ರಿಯೆಯು ಅಲ್ಲಿ ಅತಿಥಿಯ ಕಣ್ಣೆದುರಿಗೆ ಹನಿಹನಿಯಾಗಿ ನಡೆಯುತ್ತದೆ. ನಾಲ್ಕೈದು ನಿಮಿಷಗಳಲ್ಲಿ ಹನಿ ನಿಂತಿತು. ಮುಂದೇನೆಂದು ತಿಳಿಯದೆ ಪಕ್ಕದವರನ್ನು ನೋಡಿದರೆ, ಅವರು ಮುಚ್ಚಳವನ್ನು ಅಂಗಾತವಾಗಿ ಮೇಜಿನ ಮೇಲಿರಿಸಿ ಅದರೊಳಗೆ ತೊಟ್ಟಿಕ್ಕುವ ಫಿನ್ನನ್ನು ಕೂರಿಸಿದರು. ಮುಚ್ಚಳವೇ ತಟ್ಟೆಯಾಯಿತು, ಮೇಜು ಒದ್ದೆಯಾಗಲಿಲ್ಲ. ನಾನೂ ಹಾಗೆಯೇ ಮಾಡಿ, ಕಲಕಿ, ಮಂಜುಗಡ್ಡೆಯ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆ.

ಮೊದಲು ಗಂಟಲನ್ನು ಹಿಡಿಯುವ ಕಹಿ. ಒಡನೆಯೇ ಪಾಯಸದ ಸಿಹಿ. ಕೊನೆಯಲ್ಲಿ ಬೆಣ್ಣೆಯನ್ನು ನೆನಪಿಗೆ ತರುವ ಹುರಿದ ವಾಸನೆ. ಪೀಬೆರಿಯ ಆ ನಸುಹುಳಿ, ಆ ಸೂಕ್ಷ್ಮ ಪರಿಮಳ ಎಲ್ಲಿಯೂ ಇಲ್ಲ. ಇದನ್ನು ಕಾಫಿಯೆನ್ನಲಾಗದೆಂದು ಆ ರಾತ್ರಿ ಟಿಪ್ಪಣಿ ಬರೆದೆ.

ಮರುದಿನದ ನಡುಹಗಲಿನ ಬಿಸಿಲು ಆ ಟಿಪ್ಪಣಿಯನ್ನು ತಿದ್ದಲಾರಂಭಿಸಿತು. ಫ್ರೆಂಚ್ ಪಾದ್ರಿಗಳು 1857ರಲ್ಲಿ ಕಾಫಿಗಿಡವನ್ನು ಆ ನಾಡಿಗೆ ತಂದರೆಂದು ಹೇಳುತ್ತಾರೆ. ಪಾನೀಯವೇನೋ ಜನಕ್ಕೆ ಒಗ್ಗಿತು. ಆದರೆ ಹೈನಿನ ಬಳಕೆ ಅಷ್ಟಾಗಿ ಇಲ್ಲದ ದೇಶದಲ್ಲಿ ತಾಜಾ ಹಾಲು ದುರ್ಲಭ, ಸಿಕ್ಕರೂ ಆ ಸೆಕೆಯಲ್ಲಿ ಬಹುಬೇಗ ಒಡೆಯತಕ್ಕದ್ದು. ಆದಕಾರಣ ಡಬ್ಬಿಯ ಹಾಲು. 1986ರ ಆರ್ಥಿಕ ಸುಧಾರಣೆಯ ಬಳಿಕ ಬುವೋನ್ ಮಾ ಥುವೋತ್ ಸುತ್ತಣ ಎತ್ತರದ ಕೆಂಪುನೆಲದಲ್ಲಿ ತೋಟಗಳು ಹಬ್ಬಿ, ವಿಯೆಟ್ನಾಮ್ ಇಂದು ಬ್ರೆಜಿಲಿನ ನಂತರ ಜಗತ್ತಿನ ಎರಡನೆಯ ಕಾಫಿನಾಡಾಗಿದೆ. ಅಲ್ಲಿ ಬಹುಪಾಲು ಬೆಳೆ ರೊಬಸ್ಟ. ಅರೇಬಿಕದ ಸುಮಾರು ಇಮ್ಮಡಿ ಕೆಫೀನುಳ್ಳ ಆ ಕಹಿಬೀಜವನ್ನು ಕಪ್ಪಗೆ ಹುರಿದು, ಎಷ್ಟೋ ವೇಳೆ ಬೆಣ್ಣೆಯನ್ನೂ ಸವರುತ್ತಾರೆ. ಮಂಜುಗಡ್ಡೆ ಕರಗಿ ನೀರಾಗುತ್ತ ಹೋದರೂ ಕಾಫಿ ಕಾಫಿಯಾಗಿಯೇ ಉಳಿಯಬೇಕಾದರೆ ಕಷಾಯಕ್ಕೆ ಅಷ್ಟು ಕಟುತ್ವ ಬೇಕು. ಆ ಕಟುತ್ವವನ್ನು ತಾಳಿಕೊಳ್ಳಲು ಅಷ್ಟು ಸಿಹಿ ಬೇಕು. ಆ ಬಿಸಿಲಿಗೆ ಮಂಜುಗಡ್ಡೆಯೇ ಬೇಕು. ಒಂದನ್ನು ತೆಗೆದರೆ ಉಳಿದವು ನಿಲ್ಲವು. ಕೊಡಗಿನ ರೊಬಸ್ಟಕ್ಕೆ ಚಿಕೋರಿಯನ್ನೂ ಬಿಸಿಹಾಲನ್ನೂ ಜೊತೆಗೂಡಿಸಿದ ನಮ್ಮ ಹಿರಿಯರ ವಿವೇಕವೂ ಇದೇ ಜಾತಿಯದು.

ಮೂರನೆಯ ದಿನ ಬೆಳಗ್ಗೆ, ಓಣಿಯೊಳಗಣ ಓಣಿಯಲ್ಲಿರುವ ಚೆಯೊ ಲೆಯೊ ಎಂಬ ಕಾಫಿಮನೆಗೆ ಹೋದೆ. ಅದು 1938ರಿಂದ ನಡೆದುಬಂದದ್ದು. ಅಲ್ಲಿ ಫಿನ್ ಇಲ್ಲ. ಉದ್ದನೆಯ ಬಟ್ಟೆಯ ಚೀಲದಲ್ಲಿ ಪುಡಿಯಿಟ್ಟು ನೀರೆರೆದು, ಇಳಿದ ರಸವನ್ನು ಮದ್ದಿನ ಕಷಾಯ ಕಾಸುವಂಥ ಮಣ್ಣಿನ ಗಿಂಡಿಗಳಲ್ಲಿ ಕೆಂಡದ ಬಿಸಿಗೆ ಇರಿಸುತ್ತಾರೆ. ಕಾಫಿಯ ಬಣ್ಣ ಕುಡಿದು ಕುಡಿದು ಕಗ್ಗಂದಾದ ಆ ಚೀಲವನ್ನು ನೋಡಿದಾಗ, ನಮ್ಮ ಮನೆಯಲ್ಲಿ ಹಿತ್ತಾಳೆಯ ಫಿಲ್ಟರು ಬರುವುದಕ್ಕೆ ಮೊದಲು ಅಜ್ಜಿ ಕಾಫಿ ಸೋಸುತ್ತಿದ್ದ, ಮತ್ತಾವ ಕೆಲಸಕ್ಕೂ ಯಾರೂ ಮುಟ್ಟಬಾರದೆಂದು ಮೊಳೆಗೆ ನೇತುಹಾಕುತ್ತಿದ್ದ ಬಟ್ಟೆಯು ನೆನಪಾಗಿ ಕಣ್ಣು ತೇವವಾಯಿತು. ಅದರ ಬಣ್ಣವೂ ಇದೇ.

ಸೈಗಾನಿನಲ್ಲಿ ಕಾಫಿಯ ಬೆನ್ನಿಗೆ, ಕೇಳದೆಯೇ, ಬೆಲೆಯಿಲ್ಲದೆಯೇ ಒಂದು ಲೋಟ ತೆಳುವಾದ ತಂಪು ಚಹಾ ಬರುತ್ತದೆ. ಮೊದಲ ಸಂಜೆ ಅದು ಬಂದಾಗ, ಎದ್ದುಹೋಗಬೇಕೆಂಬ ಸೂಚನೆಯೆಂದು ಭಾವಿಸಿ ನಾನು ಅವಸರವಾಗಿ ಹಣ ಕೊಟ್ಟು ಎದ್ದೆ, ತೀರ್ಪನ್ನೂ ಬರೆದೆ. ಆ ಚಹಾದ ಅರ್ಥ, ಇನ್ನೂ ಕುಳಿತಿರಿ ಎಂಬುದು. ಪರದೇಶದ ರುಚಿಯನ್ನು ಅರಿಯಬಯಸುವ ರಸಿಕರು ಎರಡನೆಯ ಆ ಲೋಟ ಬರಿದಾಗುವವರೆಗಾದರೂ ಏಳಬಾರದು.