ಮಕ್ಕಳ ಕೈಗೆ ಸಿಕ್ಕೀತೆಂಬ ಪುಸ್ತಕ

ಕೆಟ್ಟ ಸಾಹಿತ್ಯದಿಂದ ಮಕ್ಕಳನ್ನು ಕಾಪಾಡಲು ನಮ್ಮಲ್ಲಿ ಯಾವ ಕಾನೂನುಗಳಿವೆ ಎಂದು ಕೇಳಿದರೆ, ಬಲ್ಲವರು ಕೊಡುವ ಪಟ್ಟಿಯಲ್ಲಿ 1956ರ ಕಿರಿಯ ವ್ಯಕ್ತಿಗಳ ಹಾನಿಕಾರಕ ಪ್ರಕಟಣೆಗಳ ಕಾಯ್ದೆ ತಪ್ಪದೆ ಇರುತ್ತದೆ. ಅದಕ್ಕೆ ಸಲ್ಲುತ್ತಿರುವ ಗೌರವ ಅದರ ಯೋಗ್ಯತೆಗೆ ಮೀರಿದ್ದು. ಅಶ್ಲೀಲತೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಅಪರಾಧ, ಹಿಂಸೆ ಅಥವಾ ಕ್ರೌರ್ಯ, ಜುಗುಪ್ಸೆ ಹುಟ್ಟಿಸುವ ಭೀಕರ ಘಟನೆಗಳು: ಅದು ಹೆದರುವುದು ಈ ಬಗೆಯ ಕಥೆಗಳಿಗೆ ಮಾತ್ರ.

ಇದರ ಮೂಲ ಬ್ರಿಟನ್ನಿನ 1955ರ ಕಾಯ್ದೆ. ಅಮೆರಿಕದ ಭೀಕರ ಕಾಮಿಕ್ಸ್‌ಗಳ ವಿರುದ್ಧ ಬ್ರಿಟನ್ನಿನಲ್ಲಿ ಎದ್ದ ಚಳವಳಿಯ ಫಲ ಅದು.

ಎರಡನ್ನೂ ಪಕ್ಕದಲ್ಲಿಟ್ಟು ಓದಬೇಕು. ಬ್ರಿಟನ್ನಿನ ಕಾಯ್ದೆ ಎರಡು ಬೇಲಿ ಹಾಕಿಕೊಂಡಿತ್ತು. ಕಥೆ ಮುಖ್ಯವಾಗಿ ಚಿತ್ರಗಳಲ್ಲೇ ಇರಬೇಕು. ಪುಸ್ತಕ ಮಕ್ಕಳ ಕೈ ಸೇರುವ ಸಂಭವವಿರುವ ಬಗೆಯದಾಗಿರಬೇಕು. ಮೊಕದ್ದಮೆ ಹೂಡಲು ಅಟಾರ್ನಿ ಜನರಲ್ ಒಪ್ಪಿಗೆಯೂ ಬೇಕಿತ್ತು. ದೆಹಲಿಯಲ್ಲಿ ಕರಡು ಬರೆದವರು ಚಿತ್ರವಿರಲಿ, ಇಲ್ಲದಿರಲಿ ಎಂದು ಸೇರಿಸಿದರು, ಎರಡನೆಯ ಬೇಲಿಯನ್ನು ಕಿತ್ತೇ ಹಾಕಿದರು. ಉಳಿದದ್ದು ‘ಯಾವ ಕಿರಿಯನ ಕೈಗೆ ಬಿದ್ದೀತೋ ಅವನನ್ನು ಕೆಡಿಸುವಂಥದ್ದು’ ಎಂಬ ಅರ್ಥದ ಮಾತು. ಯಾವ ಪುಸ್ತಕ ತಾನೇ ಯಾರ ಕೈಗೂ ಬೀಳದೆ ಇದ್ದೀತು? ಪತ್ತೇದಾರ ಪುರುಷೋತ್ತಮನ ಸಾಹಸಗಳ ಮೂಲಕ ಎನ್. ನರಸಿಂಹಯ್ಯನವರು ಸಾವಿರಾರು ಜನರಿಗೆ ಕನ್ನಡ ಓದುವ ರುಚಿ ಹತ್ತಿಸಿದರು. ಕೊಲೆ, ಕಳ್ಳತನಗಳೇ ವಸ್ತುವಾದ ಅಂಥ ಕಾದಂಬರಿಗಳನ್ನೂ ಒಬ್ಬ ಅಧಿಕಾರಿ ಮನಸ್ಸು ಮಾಡಿದರೆ ಈ ಮಾತಿನ ಬಲೆಗೆ ಎಳೆಯಬಹುದು.

ಇನ್ನೂ ದೊಡ್ಡ ದೋಷ ಶಿಕ್ಷೆಯ ಕಲಮಿನಲ್ಲಿದೆ. ಕೊಂಡವನು ಮಗುವೇ ಆಗಿರಬೇಕಿಲ್ಲ, ಅರವತ್ತು ವರ್ಷದವನಿಗೆ ಮಾರಿದರೂ ಆರು ತಿಂಗಳವರೆಗೆ ಜೈಲು. 1957ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬಟ್ಲರ್ ಪ್ರಕರಣದಲ್ಲಿ ತಳ್ಳಿಹಾಕಿದ್ದು, ಮಕ್ಕಳು ಕೆಟ್ಟಾರೆಂದು ದೊಡ್ಡವರಿಗೂ ಮಾರಬಾರದೆನ್ನುವ ಇದೇ ತರ್ಕವನ್ನು. ಡೆಟ್ರಾಯಿಟ್‌ನ ಪೊಲೀಸ್ ಅಧಿಕಾರಿಯೊಬ್ಬರಿಗೆ ಕಾದಂಬರಿ ಮಾರಿದ್ದಕ್ಕೆ ಬಟ್ಲರ್‌ಗೆ ಶಿಕ್ಷೆಯಾಗಿತ್ತು. ಮುಂದೆ 1968ರ ಗಿನ್ಸ್‌ಬರ್ಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹದಿನೇಳು ತುಂಬದವರಿಗೆ ಮಾರುವುದನ್ನು ಮಾತ್ರ ತಡೆದ ಕಾನೂನನ್ನು ಎತ್ತಿಹಿಡಿಯಿತು. ನಮ್ಮ ಸುಪ್ರೀಂ ಕೋರ್ಟೂ 2006ರ ಅಜಯ್ ಗೋಸ್ವಾಮಿ ಪ್ರಕರಣದಲ್ಲಿ, ಮಕ್ಕಳ ಹೆಸರಿನಲ್ಲಿ ದೊಡ್ಡವರ ಪತ್ರಿಕೆಯನ್ನು ಮಕ್ಕಳ ಪತ್ರಿಕೆ ಮಾಡಲಾಗದು ಎಂಬ ನಿಲುವು ತಳೆಯಿತು.

ಕಾಯ್ದೆ ಚೆನ್ನಾಗಿದೆ, ಜಾರಿ ಸಾಲದು ಎನ್ನುವವರಿದ್ದಾರೆ. ಈ ಕಾಯ್ದೆಯನ್ನು ಅಕ್ಷರಶಃ ಜಾರಿ ಮಾಡಿದರೆ ಪುಸ್ತಕದಂಗಡಿಗಳ ಅರ್ಧ ಕಪಾಟು ಠಾಣೆಗೆ ಹೋಗಬೇಕಾಗುತ್ತದೆ. ಸತ್ತ ಕಾಯ್ದೆಯಿಂದ ಯಾರಿಗೇನು ತೊಂದರೆ ಎನ್ನುವ ಉದಾರವಾದಿಗಳ ವಾದ ಇನ್ನೂ ಅಪಾಯದ್ದು. ಮುಟ್ಟುಗೋಲಿನ ಅಧಿಕಾರ ರಾಜ್ಯ ಸರ್ಕಾರದ ಕೈಯಲ್ಲಿರುವ ತನಕ, ಪುಸ್ತಕ ವಶಪಡಿಸಿಕೊಳ್ಳುವ ಹಕ್ಕು ಪೊಲೀಸರಿಗಿರುವ ತನಕ ಅದು ಸತ್ತಿಲ್ಲ. ವಾಕ್ ಸ್ವಾತಂತ್ರ್ಯದ ಪರ ಇರುವವರೇ ಇದನ್ನು ಓದದೆ ಬಿಟ್ಟಿರುವುದು ವಿಷಾದದ ಸಂಗತಿ.

ಮಕ್ಕಳ ಪರವಾಗಿ ನೋಡಿದರೂ ಇದು ಸೋಲುತ್ತದೆ. ಪುಸ್ತಕ, ಪತ್ರಿಕೆ, ಕರಪತ್ರಗಳಾಚೆ ಇದರ ಕಣ್ಣು ಹಾಯದು. ಮಗು ನೋಡುತ್ತಿರುವುದು ಮೊಬೈಲ್. ಇದರ ಪ್ರಕಾರ ಇಪ್ಪತ್ತು ತುಂಬದವರೆಲ್ಲ ಕಿರಿಯರು, ಅಂದರೆ ಮತ ಹಾಕಿ ಬಂದ ಹತ್ತೊಂಬತ್ತರ ಹುಡುಗಿಯೂ. 2012ರ ಪೋಕ್ಸೋ ಕಾಯ್ದೆಯ 11ನೇ ಕಲಂ ಸರಿಯಾದ ದಾರಿ ಹಿಡಿದಿದೆ. ಲೈಂಗಿಕ ಉದ್ದೇಶದಿಂದ ಮಗುವಿಗೆ ಅಶ್ಲೀಲವನ್ನು ತೋರಿಸಿದವನನ್ನು, ಮಾಧ್ಯಮ ಯಾವುದೇ ಇರಲಿ, ಅದು ಹಿಡಿಯುತ್ತದೆ. ಪುಸ್ತಕವನ್ನಲ್ಲ, ಕೃತ್ಯವನ್ನು ನೋಡುತ್ತದೆ. ಶಿಕ್ಷೆಯೂ ಮೂರು ವರ್ಷದವರೆಗೆ.

ಸಂಸತ್ತು 1956ರ ಕಾಯ್ದೆಯನ್ನು ರದ್ದುಮಾಡಬೇಕು. ಹಾನಿಕಾರಕವಾದುದನ್ನು ಹದಿನೆಂಟು ತುಂಬದವರಿಗೆ ಮಾರುವುದು, ಕೊಡುವುದು, ತೋರಿಸುವುದನ್ನಷ್ಟೇ ಅಪರಾಧವೆನ್ನುವ, ಸಾಹಿತ್ಯಕ್ಕೂ ಶಿಕ್ಷಣಕ್ಕೂ ಸ್ಪಷ್ಟ ವಿನಾಯಿತಿ ಕೊಡುವ ಚಿಕ್ಕ ಕಾನೂನೊಂದನ್ನು ಅದರ ಜಾಗದಲ್ಲಿ ತರಬೇಕು.