ಬಟಾಣಿಯ ಲೆಕ್ಕ, ನಕ್ಷತ್ರದ ತೀರ್ಪು

ಇಟಲಿಯ ಮಿಲಾನ್ ನಗರದ ಕೆಥೆಡ್ರಲ್‌ನ ಮಾಳಿಗೆಗೆ ಹೋಗುವ ಮೆಟ್ಟಿಲುಗಳನ್ನು ಜರ್ಮನ್ ಗೃಹಸ್ಥರೊಬ್ಬರು ಹತ್ತುತ್ತಿದ್ದರು. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು, ವೇಸ್ಟ್‌ಕೋಟಿನ ಜೇಬಿನಿಂದ ಒಂದು ಬಟಾಣಿ ಕಾಳು ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೇಲೆ ತಲುಪಿದ ಮೇಲೆ ಕಾಳುಗಳನ್ನು ಎಣಿಸಿ ಇಪ್ಪತ್ತರಿಂದ ಗುಣಿಸಿದರೆ ಮೆಟ್ಟಿಲುಗಳ ಸಂಖ್ಯೆ ಸಿಕ್ಕಿತು. ಇಳಿಯುವಾಗ ಅದೇ ಕೆಲಸ ಮತ್ತೊಮ್ಮೆ, ಲೆಕ್ಕ ತಾಳೆಯಾಗುತ್ತದೋ ಎಂದು ನೋಡುವುದಕ್ಕೆ. ಆ ಕಾಲದ ಸಹಪ್ರವಾಸಿಯೊಬ್ಬ ಬರೆದಿಟ್ಟ ಈ ಪ್ರಸಂಗದ ನಾಯಕ ಕಾರ್ಲ್ ಬೇಡೆಕರ್. ಮುಂದೆ ನೂರು ವರ್ಷ ಯುರೋಪಿನ ಓದುಗರು ಪ್ರವಾಸಿ ಕೈಪಿಡಿಯನ್ನು ಆತನ ಹೆಸರಿನಿಂದಲೇ ಕರೆದರು.

ಈ ಪ್ರಕಾರದ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಬಟಾಣಿ. ಅದರ ಬೆನ್ನಿಗೇ ನೆನಪಾಗುವುದು, ಅದೇ ಬೇಡೆಕರ್ ತಮ್ಮ ಪುಟಗಳಲ್ಲಿ ನೋಡಲೇಬೇಕಾದ ಜಾಗಗಳ ಪಕ್ಕ ಹಾಕುತ್ತಿದ್ದ ನಕ್ಷತ್ರ. ಒಂದು, ಓದುಗ ಹತ್ತಬೇಕಾದ ಮೆಟ್ಟಿಲನ್ನು ತಾನು ಮೊದಲು ಹತ್ತಿ ಎಣಿಸುವ ಪ್ರಾಮಾಣಿಕತೆ. ಇನ್ನೊಂದು, ಆ ಓದುಗ ಯಾವುದರ ಮುಂದೆ ನಿಂತು ಬೆರಗಾಗಬೇಕು ಎಂದು ಮೊದಲೇ ಹೇಳಿಬಿಡುವ ಅಧಿಕಾರ. ಸುಮಾರು ಇನ್ನೂರು ವರ್ಷಗಳ ಈ ಪರಂಪರೆಯ ಗಟ್ಟಿತನವೆಲ್ಲ ಬಟಾಣಿಯ ಕಡೆಗಿದೆ, ಅದರ ದೋಷಗಳಲ್ಲಿ ಹೆಚ್ಚಿನವು ನಕ್ಷತ್ರದಿಂದ ಹುಟ್ಟಿವೆ ಎಂಬುದು ನನ್ನ ಅಭಿಪ್ರಾಯ.

ಆಧುನಿಕ ಕೈಪಿಡಿಯ ಅಚ್ಚು ಸಿದ್ಧವಾದದ್ದು ಇಬ್ಬರ ಕೈಯಲ್ಲಿ. ಲಂಡನ್ನಿನ ಜಾನ್ ಮರ್ರೆ 1836ರಲ್ಲಿ ಯುರೋಪ್ ಖಂಡದ ಪ್ರವಾಸಿಗಳಿಗಾಗಿ ಮೊದಲ ಕೈಪಿಡಿ ಹೊರತಂದರು. ಕೋಬ್ಲೆಂಟ್ಸ್ ಊರಿನಲ್ಲಿ 1827ರಲ್ಲೇ ಪ್ರಕಾಶನ ಆರಂಭಿಸಿದ್ದ ಬೇಡೆಕರ್, ರೈನ್ ನದಿಯ ಬಗೆಗಿನ ಹಳೆಯ ಪುಸ್ತಕವೊಂದನ್ನು ತಿದ್ದಿ ಬೆಳೆಸುತ್ತ ಮರ್ರೆಯ ಮಾದರಿಯನ್ನು ಒಪ್ಪಿಕೊಂಡರು, ಕೆಂಪು ರಟ್ಟನ್ನೂ ಸೇರಿಸಿ. ಅಲ್ಲಿಯವರೆಗೆ ಹೊರನಾಡಿಗೆ ಹೋದವನು ಊರೂರಿಗೂ ಬಾಡಿಗೆ ಮಾರ್ಗದರ್ಶಕನನ್ನು ಹಿಡಿಯಬೇಕಿತ್ತು. ಅವನು ಕರೆದೊಯ್ದ ಅಂಗಡಿಯೇ ಅಂಗಡಿ, ತೋರಿಸಿದ ಚಿತ್ರವೇ ಚಿತ್ರ. ಉಗಿಹಡಗು, ರೈಲು ಬಂದು ಮಧ್ಯಮ ವರ್ಗದವರೂ ಹೊರಡತೊಡಗಿದಾಗ ಈ ಪುಸ್ತಕಗಳು ಆ ಪರಾಧೀನತೆಯಿಂದ ಬಿಡಿಸಿದವು. ಹೋಟೆಲಿನ ದರವೆಷ್ಟು, ಮೂಟೆ ಹೊರುವವನಿಗೆ ಕೊಡಬೇಕಾದ್ದೆಷ್ಟು, ಒಳ್ಳೆಯ ನೋಟ ಬೇಕಾದರೆ ರೈಲಿನ ಯಾವ ಬದಿಗೆ ಕೂರಬೇಕು: ಇಂಥವನ್ನು ಅಚ್ಚಿನಲ್ಲಿ ಓದಿಕೊಂಡು ಹೊರಟವನನ್ನು ಯಾರೂ ಸುಲಭವಾಗಿ ಯಾಮಾರಿಸಲಾರರು. ತಪ್ಪು ಕಂಡರೆ ತಿಳಿಸಿ ಎಂದು ಓದುಗರನ್ನು ಕೇಳಿಕೊಂಡು ಮುಂದಿನ ಆವೃತ್ತಿಯಲ್ಲಿ ತಿದ್ದುವ ಪದ್ಧತಿಯೂ ಅಲ್ಲೇ ಬೇರೂರಿತು. ಪುಸ್ತಕವೊಂದು ತನ್ನ ಓದುಗರಿಗೆ ಇಷ್ಟು ನೇರವಾಗಿ ಉತ್ತರದಾಯಿಯಾಗಿದ್ದುದು ಬೇರೆ ಪ್ರಕಾರಗಳಲ್ಲಿ ಅಪರೂಪ.

ನಕ್ಷತ್ರದ ತೊಂದರೆಯನ್ನು ಬಹಳ ಬೇಗ ಗುರುತಿಸಿದವರು ಕಾದಂಬರಿಕಾರರು. ಇ. ಎಂ. ಫಾರ್ಸ್ಟರ್ ಅವರ 1908ರ 'ಎ ರೂಮ್ ವಿತ್ ಎ ವ್ಯೂ' ಕಾದಂಬರಿಯಲ್ಲಿ ಲೂಸಿ ಎಂಬ ಇಂಗ್ಲಿಷ್ ಹುಡುಗಿ ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನೊಳಗೆ ಕೈಯಲ್ಲಿ ಬೇಡೆಕರ್ ಇಲ್ಲದೆ ನಿಲ್ಲುತ್ತಾಳೆ. ಯಾವ ಗೋರಿ ಸುಂದರ, ಯಾವ ಚಿತ್ರವನ್ನು ಮೆಚ್ಚಬೇಕು ಎಂದು ಹೇಳುವವರಿಲ್ಲದೆ ಮೊದಲು ಕಂಗಾಲಾಗುತ್ತಾಳೆ, ಆಮೇಲೆ ನಿಧಾನವಾಗಿ ಸುತ್ತಲಿನ ಜನರನ್ನು ನೋಡತೊಡಗುತ್ತಾಳೆ. ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ ತಮ್ಮ 'ಮಿಥಾಲಜೀಸ್' (1957) ಸಂಕಲನದಲ್ಲಿ ಇದನ್ನೇ ಸಿದ್ಧಾಂತದ ಮಟ್ಟಕ್ಕೆ ಒಯ್ದರು. ನೀಲಿ ರಟ್ಟಿನ ಫ್ರೆಂಚ್ ಕೈಪಿಡಿಗಳಿಗೆ ಕಾಣುವುದು ಬೆಟ್ಟ, ಕಣಿವೆ, ಚರ್ಚು ಮಾತ್ರ; ಅಲ್ಲಿ ಬದುಕುವ ಮನುಷ್ಯರು ಬರೀ ನಮೂನೆಗಳಾಗಿ ಉಳಿದುಬಿಡುತ್ತಾರೆ ಎಂಬುದು ಅವರ ಆಕ್ಷೇಪ. ಫ್ರಾಂಕೋನ ಸರ್ವಾಧಿಕಾರದಲ್ಲಿದ್ದ ಸ್ಪೇನನ್ನು ಆ ಪುಸ್ತಕ ನೋಡಿದ ರೀತಿಯನ್ನೇ ಅವರು ಉದಾಹರಣೆಗೆ ತೆಗೆದುಕೊಂಡರು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಬಾರ್ತ್ ಓದಿದ್ದು ಕೈಪಿಡಿಯ ಅರ್ಧವನ್ನು ಮಾತ್ರ. ರಾತ್ರಿ ಹನ್ನೊಂದಕ್ಕೆ ಗೊತ್ತಿಲ್ಲದ ಊರಿನಲ್ಲಿ ಇಳಿದವಳಿಗೆ ಬೇಕಾಗುವ ಪುಟಗಳ ಬಗ್ಗೆ ಅವರು ಮಾತಾಡುವುದಿಲ್ಲ.

ನಕ್ಷತ್ರದ ಕೆಡುಕು ಎಲ್ಲಿಯವರೆಗೆ ಹೋಗಬಲ್ಲದು ಎನ್ನುವುದಕ್ಕೆ ಎರಡನೇ ಮಹಾಯುದ್ಧವೇ ಸಾಕ್ಷಿ. 1942ರ ಮಾರ್ಚಿನಲ್ಲಿ ಬ್ರಿಟಿಷ್ ವಿಮಾನಗಳು ಲ್ಯೂಬೆಕ್ ನಗರವನ್ನು ಸುಟ್ಟ ಮೇಲೆ, ಪ್ರತೀಕಾರವಾಗಿ ಜರ್ಮನಿ ಎಕ್ಸೆಟರ್, ಬಾತ್, ನಾರ್ವಿಚ್, ಯಾರ್ಕ್‌ಗಳ ಮೇಲೆ ಬಾಂಬು ಸುರಿಯಿತು. ದೊಡ್ಡ ಸೇನಾ ಮಹತ್ವವಿಲ್ಲದ, ಹಳೆಯ ಕಟ್ಟಡಗಳಿಗೆ ಹೆಸರಾದ ಊರುಗಳು ಅವು. ಬೇಡೆಕರ್ ನಕ್ಷತ್ರ ಕೊಟ್ಟ ಕಟ್ಟಡಗಳೇ ನಮ್ಮ ಗುರಿ ಎಂಬರ್ಥದಲ್ಲಿ ಜರ್ಮನ್ ಅಧಿಕಾರಿಯೊಬ್ಬ ಮಾತಾಡಿದ. ಅಲ್ಲಿಂದ ಆ ದಾಳಿಗಳಿಗೆ ಬೇಡೆಕರ್ ದಾಳಿ ಎಂದೇ ಹೆಸರು. ಸತ್ತ ನಾಗರಿಕರು 1,600ಕ್ಕೂ ಹೆಚ್ಚು. ಪುಸ್ತಕವನ್ನು ಬೇರೆಯವರು ದುರುಪಯೋಗ ಮಾಡಿದರೆ ಪ್ರಕಾಶಕರ ತಪ್ಪೇನು ಎನ್ನಬಹುದು. ಆದರೆ ಮರುವರ್ಷ ಆದದ್ದಕ್ಕೆ ಆ ಸಮಾಧಾನವೂ ಇಲ್ಲ. ನಾಜಿಗಳು ಆಕ್ರಮಿಸಿದ್ದ ಪೋಲೆಂಡಿಗೆ 1943ರಲ್ಲಿ ಬೇಡೆಕರ್ ಸಂಸ್ಥೆಯೇ ಒಂದು ಕೈಪಿಡಿ ತಂದಿತು. ಊರುಗಳ ವಿವರದಲ್ಲಿ, ಇಲ್ಲಿ ಈಗ ಯಹೂದಿಗಳಿಲ್ಲ ಎಂಬುದನ್ನು ಒಂದು ಮಾಹಿತಿಯಾಗಿ ಮುದ್ರಿಸಿತು. ಆ ಜನ ಎಲ್ಲಿಗೆ ಹೋದರು ಎಂದು ಕೇಳಲಿಲ್ಲ. ಒಂದೊಂದು ಮೆಟ್ಟಿಲನ್ನೂ ಎಣಿಸಿದ ಸಂಸ್ಥಾಪಕನ ಹೆಸರಿನಲ್ಲಿ, ಮೂರು ತಲೆಮಾರಿನ ನಂತರ, ಇಡೀ ಸಮುದಾಯಗಳೇ ಲೆಕ್ಕದಿಂದ ಬಿಟ್ಟುಹೋದವು. ಈ ಪರಂಪರೆಯ ಚರಿತ್ರೆಯಲ್ಲಿ ಇದಕ್ಕಿಂತ ಕರಾಳ ಪುಟವನ್ನು ನಾನು ಕಂಡಿಲ್ಲ.

ಭಾರತಕ್ಕೆ ಈ ಮಾದರಿ ಬಂದದ್ದು ಮರ್ರೆಯ ಮೂಲಕ, 1859ರಲ್ಲಿ. ಎಡ್ವರ್ಡ್ ಈಸ್ಟ್‌ವಿಕ್ ಎಂಬ ವಿದ್ವಾಂಸ ಮದ್ರಾಸು, ಬೊಂಬಾಯಿ ಪ್ರಾಂತ್ಯಗಳಿಗೆ ಬರೆದ ಕೈಪಿಡಿ ಅದು. ಮುಂದೆ ಬೆಳೆದು, ತಿದ್ದುಪಡಿಯಾಗಿ, 1975ರವರೆಗೂ ಹೊಸ ಆವೃತ್ತಿ ಕಂಡಿತು. ಅದರಲ್ಲಿರುವ ಶ್ರಮ ದೊಡ್ಡದು. ಆದರೆ 1857ರ ದಂಗೆಯ ಮರುಗಳಿಗೆಯಲ್ಲಿ ಹುಟ್ಟಿದ ಈ ಸರಣಿಗೆ, ಬ್ರಿಟಿಷರು ಸತ್ತ ಲಖನೌದ ರೆಸಿಡೆನ್ಸಿ, ಕಾನ್ಪುರದ ಬಾವಿ ತೀರ್ಥಸ್ಥಳಗಳೇ ಆಗಿಬಿಟ್ಟವು. ಈ ನೆಲದವರು ಅಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಡುಗೆಯವರಾಗಿ, ಆಳುಗಳಾಗಿ.

ಆದರೆ ಅದಕ್ಕೂ ಎರಡು ದಶಕ ಮೊದಲೇ ನಮ್ಮ ನೆರೆಯ ಭಾಷೆಯಲ್ಲಿ ಇನ್ನೊಂದು ಬಗೆಯ ಪುಸ್ತಕ ಅಚ್ಚಾಗಿತ್ತು. ಮದ್ರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಯ್ಯ 1830ರ ಮೇ ತಿಂಗಳಲ್ಲಿ ದೊಡ್ಡ ಪರಿವಾರದೊಂದಿಗೆ ಕಾಶಿಗೆ ಹೊರಟು, ಮರುವರ್ಷ ಸೆಪ್ಟೆಂಬರಿನಲ್ಲಿ ಮರಳಿದರು. ದಾರಿಯುದ್ದಕ್ಕೂ ತೆಲುಗಿನಲ್ಲಿ ಬರೆದಿಟ್ಟದ್ದು 'ಕಾಶೀಯಾತ್ರಾ ಚರಿತ್ರ'ವಾಗಿ 1838ರಲ್ಲಿ ಪ್ರಕಟವಾಯಿತು. ಮಜಲಿನಿಂದ ಮಜಲಿಗೆ ದೂರ, ದಾರಿ ಕಲ್ಲೋ ಎರೆಯೋ, ಊರಿನಲ್ಲಿ ಅಂಗಡಿಗಳುಂಟೋ, ಕುಡಿಯುವ ನೀರು ಎಲ್ಲಿ, ಇಳಿದುಕೊಳ್ಳಲು ಛತ್ರವೋ ಮರದಡಿಯೋ ಎಂಬುದನ್ನೆಲ್ಲ ಅವರು ದಾಖಲಿಸುತ್ತಾರೆ. ಜೊತೆಗೆ ಆ ಸೀಮೆಯ ಆಡಳಿತ ಹೇಗಿದೆ, ಯಾತ್ರಿಕರನ್ನು ಯಾರು ಸುಲಿಯುತ್ತಾರೆ ಎಂಬುದೂ ಬರುತ್ತದೆ. ಮರ್ರೆಯ ಮೊದಲ ಪುಸ್ತಕ ಬಂದ ಎರಡೇ ವರ್ಷಕ್ಕೆ ಅಚ್ಚಾದರೂ, ಅದಕ್ಕೂ ಮೊದಲೇ, ಅದರ ಗಾಳಿಯೂ ಸೋಕದೆ ಹುಟ್ಟಿದ ಬರವಣಿಗೆ ಇದು. ಯಾತ್ರಿಕನಿಗೆ ಏನು ನೋಡಬೇಕೆಂಬುದು ಮೊದಲೇ ಗೊತ್ತಿತ್ತು, ಗಂಗೆ ಮತ್ತು ವಿಶ್ವನಾಥ. ಅವನಿಗೆ ಬೇಕಿದ್ದದ್ದು ಹೇಗೆ ಹೋಗಿ ಜೀವಸಹಿತ ಮರಳುವುದು ಎಂಬ ತಿಳಿವಳಿಕೆ. ಹಾಗಾಗಿ ನಕ್ಷತ್ರದ ಹಂಗಿಲ್ಲದ, ಬಟಾಣಿಯ ಲೆಕ್ಕವೇ ತುಂಬಿದ ಪುಸ್ತಕವಾಯಿತು ಅದು. ಪ್ರವಾಸಿ ಕೈಪಿಡಿಯ ಚರಿತ್ರೆ ಬರೆಯುವವರು ವೀರಾಸ್ವಾಮಯ್ಯನವರನ್ನು ಮರ್ರೆ, ಬೇಡೆಕರರ ಸಾಲಿನಲ್ಲಿ ಕೂರಿಸಬೇಕು ಎಂದು ನಾನು ನಂಬುತ್ತೇನೆ.

ಅದೇ ಗುಣವನ್ನು ಇನ್ನೂ ತೀಕ್ಷ್ಣವಾಗಿ ತೋರಿಸುವ ಪುಸ್ತಕ ಅಮೆರಿಕದ್ದು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಕಪ್ಪು ಜನಾಂಗದ ಅಂಚೆಪೇದೆ ವಿಕ್ಟರ್ ಹ್ಯೂಗೋ ಗ್ರೀನ್ 1936ರಿಂದ ಒಂದು ತೆಳ್ಳನೆಯ ಕೈಪಿಡಿ ಹೊರತಂದರು. ಸ್ವಂತ ಕಾರಿನಲ್ಲಿ ಊರಿಂದೂರಿಗೆ ಹೋಗುವ ಕಪ್ಪು ಕುಟುಂಬಕ್ಕೆ ಯಾವ ಹೋಟೆಲು ಕೋಣೆ ಕೊಡುತ್ತದೆ, ಎಲ್ಲಿ ಊಟ ಬಡಿಸುತ್ತಾರೆ, ಯಾವ ಕ್ಷೌರಿಕ ಕೂದಲು ಕತ್ತರಿಸುತ್ತಾನೆ, ಯಾವ ಗ್ಯಾರೇಜು ಗಾಡಿ ಮುಟ್ಟುತ್ತದೆ ಎಂಬ ವಿಳಾಸಗಳ ಪಟ್ಟಿ ಅದು. ಹೋಟೆಲೇ ಇಲ್ಲದ ಊರುಗಳಲ್ಲಿ, ತಮ್ಮ ಮನೆಯ ಒಂದು ಕೋಣೆಯನ್ನು ಪ್ರಯಾಣಿಕರಿಗೆ ಬಿಟ್ಟುಕೊಡುವ ಗೃಹಿಣಿಯರ ಹೆಸರುಗಳಿದ್ದವು. ಸೂರ್ಯ ಮುಳುಗಿದ ಮೇಲೆ ಕಪ್ಪು ಜನ ಕಾಣಬಾರದೆಂಬ ನಿರ್ಬಂಧವಿದ್ದ ಎಷ್ಟೋ ಊರುಗಳಿದ್ದ ದೇಶದಲ್ಲಿ ಆ ಒಂದು ಸಾಲು ವಿಳಾಸದ ಮೇಲೆ ಪ್ರಾಣವೇ ನಿಂತಿರುತ್ತಿತ್ತು. ಈ ಪುಸ್ತಕದ ಅಗತ್ಯವೇ ಇಲ್ಲದ ದಿನ ಬರಲಿ ಎಂದು ಪ್ರಕಾಶಕರೇ ಅದರಲ್ಲಿ ಹಾರೈಸಿದ್ದರು. 1964ರ ನಾಗರಿಕ ಹಕ್ಕುಗಳ ಕಾಯಿದೆಯ ನಂತರ ಅದು ನಿಂತುಹೋಯಿತು. ಶೈಲಿಯಿಲ್ಲ, ವರ್ಣನೆಯಿಲ್ಲ, ಒಂದು ಜಲಪಾತದ ಹೊಗಳಿಕೆಯೂ ಮುಖ್ಯವಲ್ಲ. ಆದರೂ ಒಂದೇ ಒಂದು ಕೈಪಿಡಿಯನ್ನು ಈ ಪ್ರಕಾರದ ಶಿಖರ ಎಂದು ಎತ್ತಿಹಿಡಿಯಿರಿ ಎಂದರೆ ನಾನು ಆರಿಸುವುದು ಗ್ರೀನ್ ಅವರ ಪುಸ್ತಕವನ್ನೇ. ತನ್ನ ಓದುಗ ಯಾರು, ಅವನ ಭಯವೇನು ಎಂಬುದು ಅದಕ್ಕೆ ಎಳ್ಳಷ್ಟೂ ಗೊಂದಲವಿಲ್ಲದೆ ಗೊತ್ತಿತ್ತು.

ಯುದ್ಧಾನಂತರದ ಕಥೆ ಹೆಚ್ಚು ಪರಿಚಿತ. ಸೈನಿಕನಾಗಿ ಯುರೋಪಿಗೆ ಹೋಗಿದ್ದ ಆರ್ಥರ್ ಫ್ರಾಮರ್, ದಿನಕ್ಕೆ ಐದು ಡಾಲರಿನಲ್ಲಿ ಯುರೋಪ್ ಸುತ್ತುವುದು ಹೇಗೆಂದು 1957ರಲ್ಲಿ ಬರೆದು, ಗುಮಾಸ್ತರಿಗೂ ಶಿಕ್ಷಕರಿಗೂ ಆ ಖಂಡದ ಬಾಗಿಲು ತೆರೆದರು. ಲಂಡನ್ನಿನಿಂದ ನೆಲದ ದಾರಿಯಲ್ಲಿ ಏಷ್ಯಾ ದಾಟಿ ಆಸ್ಟ್ರೇಲಿಯಾ ಮುಟ್ಟಿದ ಟೋನಿ ಮತ್ತು ಮೌರೀನ್ ವೀಲರ್ ದಂಪತಿ 1973ರಲ್ಲಿ ಕೈಯಾರೆ ಪುಟ ಜೋಡಿಸಿದ ಪುಸ್ತಕದಿಂದ ಲೋನ್ಲಿ ಪ್ಲಾನೆಟ್ ಹುಟ್ಟಿತು. 1981ರ ಅವರ ಭಾರತದ ಸಂಪುಟ ವಿದೇಶಿ ಯುವಕರ ಬೆನ್ನಚೀಲದಲ್ಲಿ ಕಾಯಂ ಜಾಗ ಪಡೆಯಿತು. ಹಿಲರಿ ಬ್ರಾಡ್ಟ್ ಯಾರೂ ಹೋಗದ ದೇಶಗಳನ್ನು ಹುಡುಕಿ ಬರೆಸಿದರು. ಮಾರ್ಕ್ ಎಲಿಂಗ್‌ಹ್ಯಾಮ್ 1982ರಲ್ಲಿ ಗ್ರೀಸಿನಿಂದ ಆರಂಭಿಸಿದ ರಫ್ ಗೈಡ್ಸ್ ಇತಿಹಾಸ, ರಾಜಕೀಯಗಳಿಗೆ ಜಾಗ ಕೊಟ್ಟಿತು. ಬಾರ್ತ್ ಅವರ ಆಕ್ಷೇಪಕ್ಕೆ ಈ ತಲೆಮಾರು ಉತ್ತರ ಹುಡುಕಿತು ಎಂಬುದನ್ನು ಒಪ್ಪಬೇಕು. ಬರ್ಮಾದ ಸೇನಾ ಸರ್ಕಾರ ಜನರನ್ನು ಬಿಟ್ಟಿ ದುಡಿಸಿ ಪ್ರವಾಸಿಗಳಿಗೆ ಸೌಕರ್ಯ ಕಟ್ಟುತ್ತಿದೆ, ಬರಬೇಡಿ ಎಂದು ವಿರೋಧ ಪಕ್ಷದ ನಾಯಕಿ ಆಂಗ್ ಸಾನ್ ಸೂ ಕೀ 1990ರ ದಶಕದಲ್ಲಿ ಕೇಳಿಕೊಂಡಾಗ ರಫ್ ಗೈಡ್ಸ್ ಆ ದೇಶದ ಕೈಪಿಡಿ ತರುವುದಿಲ್ಲ ಎಂದಿತು. ಲೋನ್ಲಿ ಪ್ಲಾನೆಟ್ ತಂದಿತು, ಆದರೆ ಹೋಗಬೇಕೇ ಬೇಡವೇ ಎಂಬ ವಾದವನ್ನು ಪುಸ್ತಕದೊಳಗೇ ಇಟ್ಟಿತು. ಎರಡನೆಯ ದಾರಿ ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಓದುಗನನ್ನು ನಿರ್ಧರಿಸಬಲ್ಲ ವ್ಯಕ್ತಿ ಎಂದು ಅದು ಗೌರವಿಸುತ್ತದೆ.

ಆದರೆ ನಕ್ಷತ್ರದ ಮನೋಭಾವ ಹೊಸ ವೇಷದಲ್ಲಿ ಉಳಿದುಕೊಂಡಿತು. ಯಾರಿಗೂ ಗೊತ್ತಿಲ್ಲದ ಜಾಗ ಎಂದು ಲಕ್ಷಾಂತರ ಪ್ರತಿಗಳಲ್ಲಿ ಅಚ್ಚಾದ ಮೇಲೆ ಆ ಜಾಗದ ಗತಿಯೇನು? ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದ್ದೆಗಳ ನಡುವಿನ ನಡುಗಡ್ಡೆ ಕೈಪಿಡಿಗಳ ಮೂಲಕವೂ ಪ್ರವಾಸಿಗಳ ಬಾಯಿಮಾತಿನಿಂದಲೂ ಬೆನ್ನಚೀಲದವರ ತಂಗುದಾಣವಾಯಿತು, ಗುಡಿಸಲು, ಹೋಟೆಲು ಎದ್ದವು. 2020ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಎಲ್ಲವೂ ನೆಲಸಮವಾಯಿತು. ಬಂದುಹೋದವರ ಮುಂದೆ ಇನ್ನೊಂದು ಊರಿನ ಪುಟವಿತ್ತು. ಸಾಲ ಮಾಡಿ ಚಾವಡಿ ಕಟ್ಟಿದ ಸ್ಥಳೀಯರಿಗೆ ಅದಿರಲಿಲ್ಲ.

ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಕೈಪಿಡಿ ಯಾಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಅಲ್ಲಿ ಬರೆಯುವವನು ತಾನು ತಂಗಿದ ಒಂದು ಹೋಟೆಲಿಗೆ ಐದು ನಕ್ಷತ್ರ ಕೊಡುತ್ತಾನೆ. ಕೈಪಿಡಿಗೆ ದುಡಿಯುವವನು ಅದೇ ಬೀದಿಯ ಹತ್ತು ಹೋಟೆಲುಗಳ ಕೋಣೆ ನೋಡಿ, ನಲ್ಲಿ ತಿರುಗಿಸಿ, ಒಂದನ್ನು ಹೇಳುತ್ತಾನೆ, ಕೆಳಗೆ ತನ್ನ ಹೆಸರು ಹಾಕುತ್ತಾನೆ. ನಕ್ಷತ್ರಗಳು ಕೋಟಿಗಟ್ಟಲೆ ಆಗಿವೆ, ಬಟಾಣಿ ಎಣಿಸುವವರು ಕಡಿಮೆಯಾಗಿದ್ದಾರೆ.

ಕನ್ನಡದ ಮಟ್ಟಿಗೆ ಹೇಳುವುದಾದರೆ, ನಮ್ಮಲ್ಲಿ ಪ್ರವಾಸ ಕಥನಕ್ಕೆ ಬರವಿಲ್ಲ. ಕಾರಂತರ 'ಅಪೂರ್ವ ಪಶ್ಚಿಮ' ಇದೆ. ಗೊರೂರರ 'ಅಮೆರಿಕದಲ್ಲಿ ಗೊರೂರು' 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೇ ಪಡೆಯಿತು. ನೇಮಿಚಂದ್ರರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಎಷ್ಟೋ ಹೆಣ್ಣುಮಕ್ಕಳಿಗೆ ಹೊರಡುವ ಧೈರ್ಯ ಕೊಟ್ಟಿದೆ. ಇವೆಲ್ಲ ಒಬ್ಬ ಲೇಖಕ ಜಗತ್ತನ್ನು ಕಂಡ ಬಗೆ. ಓದುಗರನ್ನು ಅಲ್ಲಿಗೆ ಕಳಿಸಿ ವಾಪಸ್ ಕರೆತರುವ ಹೊಣೆ ಹೊತ್ತ ಪುಸ್ತಕಗಳ ಪರಂಪರೆ ನಮ್ಮಲ್ಲಿ ಬೆಳೆಯಲಿಲ್ಲ. ಇಂಗ್ಲಿಷಿನವು ಇವೆಯಲ್ಲ ಎಂದರೆ, ಅವುಗಳ ವೀಸಾ ಪುಟವನ್ನೇ ತೆರೆದು ನೋಡಿ: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದವರಿಗೆ ವೀಸಾ ಬೇಡ ಎಂದು ಎರಡು ಸಾಲಿನಲ್ಲಿ ಮುಗಿದಿರುತ್ತದೆ. ಆ ಎರಡು ಸಾಲು ಮುಗಿದಲ್ಲೇ ನಮ್ಮವರ ಪ್ರಯಾಣದ ಅರ್ಧ ಕಷ್ಟ ಶುರುವಾಗುತ್ತದೆ.

ಬ್ಯಾಂಕಿನ ಸ್ಟೇಟ್‌ಮೆಂಟ್ ಎಷ್ಟು ತಿಂಗಳದ್ದು ಬೇಕು, ಯುರೋಪಿನ ಷೆಂಗೆನ್ ವೀಸಾಕ್ಕೆ ಕಡ್ಡಾಯವಾದ 30,000 ಯೂರೋ ಮೊತ್ತದ ವಿಮೆ ಎಲ್ಲಿ ಮಾಡಿಸಬೇಕು, ನಿವೃತ್ತ ಅಪ್ಪ ಅಮ್ಮನನ್ನು ಕರೆದೊಯ್ಯುವಾಗ ಯಾರ ಆದಾಯ ತೋರಿಸಬೇಕು ಎಂಬುದು ಆ ಪುಸ್ತಕಗಳ ಕಾಳಜಿಯಲ್ಲ. ಕೀನ್ಯಾಕ್ಕೋ ಪೆರುವಿಗೋ ಹೋಗಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವಿಲ್ಲದೆ ಮರಳಿದರೆ ನಮ್ಮ ದೇಶದ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಆ ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ ಹತ್ತು ದಿನಕ್ಕೆ. ಮಾಂಸ ತಿನ್ನದ ಅತ್ತೆಯವರಿಗೆ ಹನೋಯಿಯ ಅಂಗಡಿಯಲ್ಲಿ ಮೀನಿನ ರಸ ಬೆರೆಸದ ಸಾರು ಕೇಳುವುದು ಹೇಗೆ ಎಂಬುದೂ ಯಾರಾದರೂ ಬರೆದಿಡಬೇಕಾದ ಸಂಗತಿಯೇ. ಬರೆಯಬಲ್ಲವರು ನಮ್ಮಲ್ಲೇ ಇದ್ದಾರೆ. ಅಡುಗೆಯವರನ್ನು ಜೊತೆಗಿಟ್ಟುಕೊಂಡು ವರ್ಷವಿಡೀ ತಂಡಗಳನ್ನು ಕರೆದೊಯ್ಯುವ ಪ್ರವಾಸ ವ್ಯವಸ್ಥಾಪಕರು, ಮ್ಯೂನಿಕ್ಕಿನಲ್ಲೋ ಸಿಂಗಪುರದಲ್ಲೋ ನೆಲೆಸಿ ಊರಿಂದ ಬಂದ ಬಂಧುಗಳನ್ನೆಲ್ಲ ಸುತ್ತಾಡಿಸಿದ ಕನ್ನಡ ಸಂಘದವರು, ಒಬ್ಬರೇ ಓಡಾಡುವ ಹುಡುಗಿಯರು. ಇವರ ಕೈಯಲ್ಲಿರುವ ಟಿಪ್ಪಣಿಗಳನ್ನು ಒಟ್ಟುಗೂಡಿಸಿ, ತಾಳೆ ನೋಡಿ, ಎರಡು ವರ್ಷಕ್ಕೊಮ್ಮೆ ತಿದ್ದಿ ಅಚ್ಚು ಹಾಕಲು ಒಬ್ಬ ಪ್ರಕಾಶಕ ಮುಂದೆ ಬರಬೇಕು. ಮೊದಲ ಸಂಪುಟಕ್ಕೆ ನಮ್ಮ ಜನ ಈಗಾಗಲೇ ಸಾಲುಸಾಲಾಗಿ ಹೋಗುತ್ತಿರುವ ವಿಯೆಟ್ನಾಮನ್ನೇ ಆರಿಸಿಕೊಳ್ಳಬಹುದು.